ಅರಬ್ಬೀ ಮನೆಮಾತಿನವರ ಇಂಗ್ಲಿಷ್: ‘ಫೈವ್ ಪೇಷಂಟ್ಸ್’ ಸರಿ ಬರೆದವರು ‘ಫಿಫ್ಟೀನ್ ಪೇಷಂಟ್’ ಎಂದು ಬರೆಯುವುದೇಕೆ?

ದೇರಳಕಟ್ಟೆಯ ಶಿಕ್ಷಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದೇರಳಕಟ್ಟೆ ಪರಿಸರದ ಕಾಲೇಜುಗಳಲ್ಲಿ ಆರೋಗ್ಯವಿಜ್ಞಾನದ ಬೇರೆ ಬೇರೆ ಕೋರ್ಸುಗಳಿಗೆ ಸೇರಿರುವ ಯೆಮೆನ್, ಇರಾಕ್ ಮತ್ತು ಸುಡಾನಿನ ಕೆಲವು ವಿದ್ಯಾರ್ಥಿಗಳಿಗೆ ನಾನು ಸಂಜೆಯ ಹೊತ್ತು ಇಂಗ್ಲಿಷ್ ಬರವಣಿಗೆಯನ್ನು ಹೇಳಿಕೊಡುತ್ತಿದ್ದೇನೆ. ಅದೇ ತರಗತಿಗೆ ಬಂಟ್ವಾಳ, ಪುತ್ತೂರು ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಮಕ್ಕಳೂ ಬರುತ್ತಾರೆ. ಎರಡೂ ಗುಂಪಿನವರ ಬರಹಗಳನ್ನು ಅಕ್ಕಪಕ್ಕ ಇಟ್ಟು ತಿದ್ದುವಾಗ ನಾಮಪದಗಳ ವಚನದಲ್ಲಿ ಕಾಣಿಸುವ ಕೆಲವು ತಪ್ಪುಗಳ ಕಾರಣ ನನಗೆ ಸ್ಪಷ್ಟವಾಗುತ್ತಿಲ್ಲ. ಅರಬ್ಬೀ ಬಲ್ಲವರೂ ಇಂಗ್ಲಿಷ್ ಕಲಿಸಿ ಪಳಗಿದವರೂ ಈ ವೇದಿಕೆಯಲ್ಲಿ ಇದ್ದೀರಿ, ದಯವಿಟ್ಟು ತಿಳಿಸಿಕೊಡಬೇಕು.

ಮೊದಲನೆಯದಾಗಿ, ‘ಇನ್ಫರ್ಮೇಶನ್ಸ್’, ‘ಅಡ್ವೈಸಸ್’, ‘ಎಕ್ವಿಪ್‌ಮೆಂಟ್ಸ್’ ಎಂಬ ರೂಪಗಳನ್ನು ಎರಡೂ ಗುಂಪಿನವರು ಧಾರಾಳವಾಗಿ ಬರೆಯುತ್ತಾರೆ. ಎಣಿಸಲಾಗದ ನಾಮಪದಗಳ ಒಂದು ಪಟ್ಟಿಯನ್ನು ಕೊಟ್ಟೆ. ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ, ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಪೂರ್ತಿ ಅಂಕ ಪಡೆಯುತ್ತಾರೆ, ಆದರೆ ಸ್ವಂತ ವಾಕ್ಯದಲ್ಲಿ ಒಂದು ಪುಟ ಬರೆಯಿರಿ ಎಂದರೆ ‘ಇನ್ಫರ್ಮೇಶನ್ಸ್’ ಮತ್ತೆ ಹಾಜರಾಗುತ್ತದೆ.

ಎರಡನೆಯದು ನನ್ನ ಮುಖ್ಯ ಪ್ರಶ್ನೆ. ಅರಬ್ಬೀ ಮಾತನಾಡುವ ವಿದ್ಯಾರ್ಥಿಗಳು ಮಾತ್ರ ಮಾಡುವ, ನಮ್ಮ ಮಕ್ಕಳ ಬರಹದಲ್ಲಿ ಅಷ್ಟಾಗಿ ಕಾಣದ ಕೆಲವು ತಪ್ಪುಗಳಿವೆ. ಒಬ್ಬನೇ ಹುಡುಗ ಒಂದು ಸಾಲಿನಲ್ಲಿ ‘ಫೈವ್ ಪೇಷಂಟ್ಸ್’ ಎಂದು ಸರಿಯಾಗಿ ಬರೆದು ಅದರ ಕೆಳಗಿನ ಸಾಲಿನಲ್ಲೇ ‘ಫಿಫ್ಟೀನ್ ಪೇಷಂಟ್’ ಎಂದು ಬರೆಯುತ್ತಾನೆ. ಮೊದಲು ಇದನ್ನು ಅಜಾಗರೂಕತೆ ಎಂದುಕೊಳ್ಳಬಹುದಿತ್ತು, ಆದರೆ ಪರಸ್ಪರ ಪರಿಚಯವೇ ಇಲ್ಲದ, ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳಲ್ಲಿಯೂ ಇದೇ ಕ್ರಮ ಕಾಣುತ್ತದೆ. ‘ದಿಸ್ ಬುಕ್ಸ್ ಈಸ್ ನ್ಯೂ’ ಎನ್ನುವುದು ಇನ್ನೊಂದು. ‘ಐ ಬಾಟ್ ದ ಬುಕ್ಸ್ ಆ್ಯಂಡ್ ಐ ರೆಡ್ ಇಟ್’ ಎನ್ನುವುದು ಮತ್ತೊಂದು. ‘ಐ ಲೈಕ್ ದ ಆ್ಯಪಲ್’ ಎಂದು ಬರೆದ ಹುಡುಗಿಯನ್ನು ಯಾವ ಆ್ಯಪಲ್ ಎಂದು ಕೇಳಿದರೆ, ಯಾವುದೂ ಅಲ್ಲ, ಎಲ್ಲ ಆ್ಯಪಲ್ ಎಂದಳು. ಇವುಗಳ ಹಿಂದೆ ಅರಬ್ಬೀ ವ್ಯಾಕರಣದ ನಿಯಮಗಳೇನಾದರೂ ಕೆಲಸ ಮಾಡುತ್ತಿವೆಯೇ? ಇದ್ದರೆ ಅದನ್ನು ಪಾಠದಲ್ಲಿ ಬಳಸಿಕೊಳ್ಳುವುದು ಹೇಗೆ?

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಕೊಡಿಯಾಲಬೈಲು

ಮೇಡಂ, ಅರಬ್ಬೀ ನನಗೆ ಗೊತ್ತಿಲ್ಲ. ಆದುದರಿಂದ ನಿಮ್ಮ ಮೊದಲನೆಯ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ. ಪಟ್ಟಿ ಏಕೆ ಕೈಹಿಡಿಯುವುದಿಲ್ಲ ಎಂದರೆ, ಎಣಿಸಬಹುದೇ ಇಲ್ಲವೇ ಎಂಬುದು ವಸ್ತುವಿನ ಗುಣ ಎಂದು ವಿದ್ಯಾರ್ಥಿಗಳು ತಿಳಿದಿರುತ್ತಾರೆ, ನಮ್ಮ ಹಳೆಯ ವ್ಯಾಕರಣ ಪುಸ್ತಕಗಳೂ ಹಾಗೆಯೇ ಹೇಳಿಕೊಡುತ್ತವೆ. ನೀರು, ಮರಳು, ಎಣ್ಣೆ ಎಂಬ ಉದಾಹರಣೆಗಳನ್ನು ಕೊಟ್ಟಾಗ ಆ ವಿವರಣೆ ಸರಿಯಾಗಿಯೇ ಕಾಣುತ್ತದೆ. ಆದರೆ ‘ಮನಿ’ ಎಣಿಸಲಾಗದ ನಾಮಪದ ಎಂದೊಡನೆ ತರಗತಿಯಲ್ಲಿ ಯಾರಾದರೊಬ್ಬರು ಎದ್ದು ನಿಂತು, ಹಾಗಾದರೆ ಬ್ಯಾಂಕಿನಲ್ಲಿ ಕುಳಿತವರು ಎಣಿಸುತ್ತಿರುವುದು ಏನನ್ನು ಎಂದು ಕೇಳುತ್ತಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದು.

ಇಂಗ್ಲಿಷ್ ಒಂದೇ ವಸ್ತುವನ್ನು ಎರಡು ಬಗೆಯಲ್ಲಿ ಹೇಳಲು ಎರಡು ಪದಗಳನ್ನು ಇಟ್ಟುಕೊಂಡಿದೆ. ‘ಕಾಯಿನ್’ ಎಣಿಸಬಹುದು, ‘ಮನಿ’ ಎಣಿಸಲಾಗದು. ‘ಜಾಬ್’ ಎಣಿಸಬಹುದು, ‘ವರ್ಕ್’ ಎಣಿಸಲಾಗದು. ‘ಸಜೆಶನ್’ ಎಣಿಸಬಹುದು, ‘ಅಡ್ವೈಸ್’ ಎಣಿಸಲಾಗದು. ‘ಬ್ಯಾಗ್’ ಎಣಿಸಬಹುದು, ‘ಲಗೇಜ್’ ಎಣಿಸಲಾಗದು. ಬೀನ್ಸ್ ಕಾಳಿಗೂ ಅಕ್ಕಿ ಕಾಳಿಗೂ ಎಣಿಸುವ ದೃಷ್ಟಿಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಆದರೂ ‘ಬೀನ್ಸ್’ ಬಹುವಚನ, ‘ರೈಸ್’ ಎಣಿಸಲಾಗದ ಪದ. ಬಟಾಣಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಹಳೆಯ ಇಂಗ್ಲಿಷಿನಲ್ಲಿ ‘ಪೀಸ್’ ಎಂಬುದು ‘ರೈಸ್’ ಇದ್ದಂತೆ ರಾಶಿಯನ್ನು ಹೇಳುವ ಪದವಾಗಿತ್ತು; ಕೊನೆಯಲ್ಲಿರುವ ಸಕಾರ ಬಹುವಚನದ ಪ್ರತ್ಯಯ ಇರಬೇಕೆಂದು ಭಾವಿಸಿದ ಜನ ಅದನ್ನು ಕಳಚಿ 17ನೆಯ ಶತಮಾನದ ಹೊತ್ತಿಗೆ ‘ಪೀ’ ಎಂಬ ಹೊಸ ಏಕವಚನವನ್ನು ಮಾಡಿಕೊಂಡರು. ಬಟಾಣಿ ಬದಲಾಗಲಿಲ್ಲ, ಅದನ್ನು ಹೇಳುವ ಕ್ರಮ ಬದಲಾಯಿತು. ಈ ಎರಡು ವರ್ಗಗಳನ್ನು ಎಣಿಕೆಯ ಪದ, ರಾಶಿಯ ಪದ ಎಂದು ಬೇರ್ಪಡಿಸಿ ವಿವರವಾಗಿ ಚರ್ಚಿಸಿದವರಲ್ಲಿ ಡೆನ್ಮಾರ್ಕಿನ ಭಾಷಾವಿದ್ವಾಂಸ ಒಟ್ಟೊ ಯೆಸ್ಪರ್ಸನ್ (1860–1943) ಪ್ರಮುಖರು. ಇಂಗ್ಲಿಷನ್ನು ಹೊರಗಿನಿಂದ ಕಲಿತವರಿಗೇ ಇದು ಹೆಚ್ಚು ಕಣ್ಣಿಗೆ ಬಿದ್ದದ್ದು ಸಹಜ ಎಂದು ನನಗೆ ತೋರುತ್ತದೆ.

ಆದುದರಿಂದ ಪಟ್ಟಿಯ ಬದಲು ಜೋಡಿಗಳನ್ನು ಕೊಟ್ಟು ನೋಡಿ. ‘ಅಡ್ವೈಸ್’ ಎಂಬ ಪದವನ್ನು ‘ಸಜೆಶನ್ಸ್’ ಜೊತೆಗೂ, ‘ಎಕ್ವಿಪ್‌ಮೆಂಟ್’ ಎಂಬುದನ್ನು ‘ಇನ್‌ಸ್ಟ್ರುಮೆಂಟ್ಸ್’ ಜೊತೆಗೂ ಇಟ್ಟು, ಒಂದೇ ವಾಕ್ಯವನ್ನು ಎರಡು ಬಗೆಯಲ್ಲಿ ಬರೆಯಲು ಹೇಳಿ. ಆಗ ‘ಮೆನಿ’ ಹೋಗಿ ‘ಮಚ್’ ಬರುವುದು, ‘ದೀಸ್’ ಹೋಗಿ ‘ದಿಸ್’ ಬರುವುದು, ‘ಆರ್’ ಹೋಗಿ ‘ಈಸ್’ ಬರುವುದು ಎಲ್ಲವೂ ಒಟ್ಟಿಗೆ ಕಣ್ಣಿಗೆ ಕಾಣುತ್ತವೆ. ಪದವನ್ನು ಒಂಟಿಯಾಗಿ ನೆನಪಿಟ್ಟವನಿಗೆ ವಾಕ್ಯ ಕಟ್ಟುವ ಹೊತ್ತಿನಲ್ಲಿ ಅದು ಒದಗುವುದಿಲ್ಲ. ಹಿಂದಿನ ಮತ್ತು ಮುಂದಿನ ಪದಗಳ ಸಮೇತ ಕಲಿತವನಿಗೆ ಒದಗುತ್ತದೆ.

ನಮ್ಮ ಮಕ್ಕಳೂ ‘ಇನ್ಫರ್ಮೇಶನ್ಸ್’ ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ನಾವು ‘ಮಾಹಿತಿಗಳು’, ‘ಸಲಹೆಗಳು’, ‘ಉಪಕರಣಗಳು’ ಎಂದು ಹೇಳುವವರು. ಫ್ರೆಂಚರೂ ಜರ್ಮನರೂ ಆ ಪದವನ್ನು ತಮ್ಮ ಭಾಷೆಗಳಲ್ಲಿ ಬಹುವಚನದಲ್ಲಿ ಬಳಸುತ್ತಾರೆ. ಇಲ್ಲಿ ವಿಚಿತ್ರವಾಗಿ ನಡೆದುಕೊಂಡಿರುವುದು ಇಂಗ್ಲಿಷೇ. ಊರಿನ ಅಂಗಡಿಗಳ ಫಲಕಗಳಲ್ಲಿ ‘ಫರ್ನಿಚರ್ಸ್’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುವಾಗ ಮಕ್ಕಳನ್ನು ಮಾತ್ರ ಗದರಿಸಿ ಪ್ರಯೋಜನವಿಲ್ಲ.

ಬಂದರಿನ ಅರಬ್ಬೀ ಅಧ್ಯಾಪಕ

ಶಿಕ್ಷಕಿಯವರ ಎರಡನೆಯ ಪ್ರಶ್ನೆಗೆ ಉತ್ತರ ಅರಬ್ಬೀಯಲ್ಲಿ ಇದೆ. ನನ್ನ ಮನೆಮಾತು ಬ್ಯಾರಿ. ಅರಬ್ಬೀಯನ್ನು ಮದರಸದಲ್ಲಿ ಸರ್ಫ್ ಮತ್ತು ನಹ್ವ್, ಅಂದರೆ ಪದರಚನೆ ಮತ್ತು ವಾಕ್ಯರಚನೆಯ ಶಾಸ್ತ್ರಗಳ ಮೂಲಕ ಕಲಿತು ಈಗ ಕಲಿಸುತ್ತಿರುವವನು. ಹಾಗಾಗಿ ಈ ಭಾಷೆಯನ್ನು ಹೊರಗಿನಿಂದ ನೋಡುವ ಅಭ್ಯಾಸವೂ ನನಗಿದೆ.

ಮೊದಲು ‘ಫಿಫ್ಟೀನ್ ಪೇಷಂಟ್’ ವಿಷಯ. ಅರಬ್ಬೀಯಲ್ಲಿ ಸಂಖ್ಯೆಯ ನಂತರ ಬರುವ ನಾಮಪದದ ವಚನ ಆ ಸಂಖ್ಯೆ ಎಷ್ಟು ಎಂಬುದರ ಮೇಲೆ ನಿಂತಿದೆ. ಒಂದಕ್ಕೆ ಏಕವಚನ. ಎರಡಕ್ಕೆ ಪ್ರತ್ಯೇಕವಾದ ದ್ವಿವಚನವಿದೆ: ‘ಕಿತಾಬ್’ ಎಂದರೆ ಒಂದು ಪುಸ್ತಕ, ‘ಕಿತಾಬಾನ್’ ಎಂದರೆ ಎರಡು ಪುಸ್ತಕ; ಎರಡು ಎಂಬ ಪದವನ್ನು ಬೇರೆಯಾಗಿ ಹೇಳುವ ಅಗತ್ಯವೇ ಸಾಮಾನ್ಯವಾಗಿ ಇರುವುದಿಲ್ಲ. ಸಂಸ್ಕೃತದ ‘ರಾಮಃ, ರಾಮೌ, ರಾಮಾಃ’ ಓದಿದವರಿಗೆ ಇದು ಹೊಸತಲ್ಲ. ಮೂರರಿಂದ ಹತ್ತರವರೆಗೆ ಬಹುವಚನ. ಆದರೆ ಹನ್ನೊಂದರಿಂದ ತೊಂಬತ್ತೊಂಬತ್ತರವರೆಗೆ ನಾಮಪದ ಮತ್ತೆ ಏಕವಚನಕ್ಕೆ ಮರಳುತ್ತದೆ, ನೂರು ಮತ್ತು ಸಾವಿರದ ನಂತರವೂ ಏಕವಚನವೇ. ರೋಗಿ ಎಂಬುದಕ್ಕೆ ಅರಬ್ಬೀಯಲ್ಲಿ ‘ಮರೀದ್’, ಅದರ ಬಹುವಚನ ‘ಮರ್ದಾ’. ಐವರು ರೋಗಿಗಳು ಎನ್ನಲು ‘ಖಮ್ಸತು ಮರ್ದಾ’ ಎಂಬ ಬಹುವಚನ ಬೇಕು, ಹದಿನೈದು ರೋಗಿಗಳು ಎನ್ನಲು ‘ಖಮ್ಸತ ಅಶರ ಮರೀದನ್’ ಎಂಬ ಏಕವಚನ ಬೇಕು. ನಿಮ್ಮ ವಿದ್ಯಾರ್ಥಿ ಬರೆದದ್ದು ಅಕ್ಷರಶಃ ಇದೇ. ಅವನು ತನ್ನ ಭಾಷೆಯ ಒಂದು ಕಟ್ಟುನಿಟ್ಟಾದ ನಿಯಮವನ್ನು ಇಂಗ್ಲಿಷಿನಲ್ಲಿಯೂ ಪಾಲಿಸುತ್ತಿದ್ದಾನೆ.

‘ದಿಸ್ ಬುಕ್ಸ್ ಈಸ್ ನ್ಯೂ’ ಎಂಬ ವಾಕ್ಯಕ್ಕೂ ಹೀಗೆಯೇ ಕಾರಣವಿದೆ. ಅರಬ್ಬೀಯಲ್ಲಿ ಮನುಷ್ಯರಲ್ಲದವುಗಳ ಬಹುವಚನ ರೂಪವು ವ್ಯಾಕರಣದ ಮಟ್ಟಿಗೆ ಸ್ತ್ರೀಲಿಂಗ ಏಕವಚನದಂತೆ ನಡೆದುಕೊಳ್ಳುತ್ತದೆ. ‘ಕುತುಬ್’ ಎಂದರೆ ಪುಸ್ತಕಗಳು. ಆದರೆ ಅದರ ಹಿಂದೆ ಬರುವ ‘ಹಾದಿಹಿ’ ಎಂಬ ಪದ ‘ಈಕೆ’ ಎಂಬುದಕ್ಕೆ ಬಳಸುವ ಏಕವಚನವೇ, ಮುಂದೆ ಬರುವ ವಿಶೇಷಣ ‘ಜದೀದಾ’ ಕೂಡ ಸ್ತ್ರೀಲಿಂಗ ಏಕವಚನ, ಆ ಪುಸ್ತಕಗಳನ್ನು ಸೂಚಿಸುವ ಸರ್ವನಾಮವೂ ಸ್ತ್ರೀಲಿಂಗ ಏಕವಚನ. ಇಂಗ್ಲಿಷಿಗೆ ಬಂದಾಗ ನಿರ್ಜೀವ ವಸ್ತುವಿಗೆ ಸ್ತ್ರೀಲಿಂಗ ಸಲ್ಲದು ಎಂದು ಆ ಹುಡುಗ ಬಲ್ಲ, ಆದುದರಿಂದ ‘ಶಿ’ ಬಿಟ್ಟು ‘ಇಟ್’ ಬರೆಯುತ್ತಾನೆ. ಏಕವಚನ ಮಾತ್ರ ಹಾಗೆಯೇ ಉಳಿಯುತ್ತದೆ. ನಿಮ್ಮ ‘ಐ ರೆಡ್ ಇಟ್’ ಹುಟ್ಟುವುದು ಇಲ್ಲಿಯೇ. ಮನುಷ್ಯರ ವಿಷಯ ಬಂದಾಗ ಇದೇ ವಿದ್ಯಾರ್ಥಿಗಳು ‘ದೀಸ್ ಡಾಕ್ಟರ್ಸ್’, ‘ದೇ’ ಎಂದು ಸರಿಯಾಗಿ ಬರೆಯುತ್ತಾರೆಯೇ ಎಂಬುದನ್ನು ಒಮ್ಮೆ ಪರಿಶೀಲಿಸಿ. ಮನುಷ್ಯವಾಚಕಗಳಲ್ಲಿ ಅರಬ್ಬೀಯೂ ಬಹುವಚನವನ್ನೇ ಬಳಸುವುದರಿಂದ ಅಲ್ಲಿ ತಪ್ಪು ಕಡಿಮೆ ಇರಬೇಕು.

‘ಇನ್ಫರ್ಮೇಶನ್ಸ್’ ಬಗ್ಗೆ ಉಪನ್ಯಾಸಕರು ಹೇಳಿದ್ದು ಸರಿ, ಅದಕ್ಕೆ ಒಂದಿಷ್ಟು ಸೇರಿಸುತ್ತೇನೆ. ಅರಬ್ಬೀಯ ‘ಮಅಲೂಮಾತ್’ ಎಂಬುದರ ಕೊನೆಯ ‘ಆತ್’ ಸ್ಪಷ್ಟವಾದ ಬಹುವಚನ ಪ್ರತ್ಯಯ. ಟೆಲಿಫೋನು, ಬಸ್ಸು ಮುಂತಾದ ಹೊಸ ಪದಗಳು ಅರಬ್ಬೀಗೆ ಬಂದಾಗಲೂ ಹೆಚ್ಚಾಗಿ ಇದೇ ಪ್ರತ್ಯಯವನ್ನು ಪಡೆಯುತ್ತವೆ, ಆದುದರಿಂದ ಕಲಿಯುವವನ ಮನಸ್ಸಿನಲ್ಲಿ ‘ಆತ್’ ಎಂದರೆ ಇಂಗ್ಲಿಷಿನ ಸಕಾರ ಎಂಬ ಸಮೀಕರಣ ಬೇಗ ಕೂಡಿಬಿಡುತ್ತದೆ. ಬುದ್ಧಿವಾದಕ್ಕೆ ‘ನಸೀಹತ್’, ಬಹುವಚನ ‘ನಸಾಇಹ್’. ಸುದ್ದಿಗೆ ‘ಖಬರ್’, ಬಹುವಚನ ‘ಅಖ್ಬಾರ್’. ಸಾಕ್ಷ್ಯಕ್ಕೆ ‘ದಲೀಲ್’, ಬಹುವಚನ ‘ಅದಿಲ್ಲಾ’. ಹಣಕ್ಕೆ ಬಳಸುವ ‘ನುಕೂದ್’, ‘ಫುಲೂಸ್’ ಎರಡೂ ರೂಪದಲ್ಲಿ ಬಹುವಚನಗಳೇ. ಗಲ್ಫಿಗೆ ಹೋಗಿ ಬಂದ ನಮ್ಮೂರಿನ ಯಾರನ್ನು ಕೇಳಿದರೂ ‘ಫುಲೂಸ್’ ಗೊತ್ತಿರುತ್ತದೆ, ಆದರೆ ಅದು ಬಹುವಚನ ಎಂಬುದು ಅವರ ಗಮನಕ್ಕೆ ಬಂದಿರಲಾರದು. ಹೀಗಿರುವಾಗ ‘ನ್ಯೂಸ್ ಆರ್’, ‘ಮನಿ ಆರ್’ ಎಂದು ಬರೆಯುವುದು ತೀರ ನಿರೀಕ್ಷಿತ.

ಆದರೆ ಎಲ್ಲ ಪದಗಳೂ ವೈರಿಗಳಲ್ಲ. ಪೀಠೋಪಕರಣಕ್ಕೆ ಅರಬ್ಬೀಯಲ್ಲಿ ‘ಅಸಾಸ್’ ಎನ್ನುತ್ತಾರೆ, ಅದು ಇಂಗ್ಲಿಷಿನ ‘ಫರ್ನಿಚರ್’ ಹಾಗೆಯೇ ಸಮೂಹವನ್ನು ಏಕವಚನದಲ್ಲಿ ಹೇಳುವ ಪದ. ಕೂದಲಿಗೆ ‘ಶಅರ್’, ರೊಟ್ಟಿಗೆ ‘ಖುಬ್ಜ್’, ಅಕ್ಕಿಗೆ ‘ರುಜ್’, ಇವೆಲ್ಲವೂ ಹೀಗೆಯೇ. ನಾವು ‘ಕೂದಲುಗಳು’ ಎಂದು ಹೇಳುವುದರಿಂದ ‘ಹೇರ್ಸ್’ ಎಂದು ಬರೆಯುವ ಅಪಾಯ ಕನ್ನಡದವರಿಗೇ ಹೆಚ್ಚು.

ಈಗ ನಾನು ಅತ್ಯಂತ ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇನೆ. ಸೀಬವೈಹಿಯ ಕಾಲದಿಂದ, ಅಂದರೆ 8ನೆಯ ಶತಮಾನದಿಂದಲೂ ಅರಬ್ಬೀ ವ್ಯಾಕರಣಕಾರರು ಚರ್ಚಿಸಿಕೊಂಡು ಬಂದಿರುವ ಒಂದು ನಾಮಪದ ವರ್ಗವಿದೆ. ‘ತಮ್ರ್’ ಎಂದರೆ ಖರ್ಜೂರ, ಒಂದು ಎರಡು ಎಂಬ ಲೆಕ್ಕವಿಲ್ಲದೆ ಇಡೀ ಜಾತಿ ಅಥವಾ ರಾಶಿ. ಅದಕ್ಕೆ ‘ಆ’ ಎಂಬ ಸ್ತ್ರೀಲಿಂಗ ಪ್ರತ್ಯಯ ಸೇರಿಸಿ ‘ತಮ್ರಾ’ ಎಂದರೆ ಒಂದೇ ಒಂದು ಖರ್ಜೂರ. ಐದು ಖರ್ಜೂರ ತಿಂದೆ ಎನ್ನಬೇಕಾದರೆ ಆ ಬಿಡಿ ರೂಪದಿಂದ ‘ತಮರಾತ್’ ಎಂಬ ಬಹುವಚನವನ್ನು ಮಾಡಿಕೊಳ್ಳಬೇಕು. ಮರಕ್ಕೆ ‘ಶಜರ್, ಶಜರಾ, ಶಜರಾತ್’. ಮೊಟ್ಟೆಗೆ ‘ಬೈದ್, ಬೈದಾ, ಬೈದಾತ್’. ಸೇಬಿಗೆ ‘ತುಫ್ಫಾಹ್, ತುಫ್ಫಾಹಾ, ತುಫ್ಫಾಹಾತ್’. ರಾಶಿ, ಬಿಡಿ, ಎಣಿಸಿದ ಬಿಡಿಗಳು ಎಂಬ ಈ ಮೂರು ಮೆಟ್ಟಿಲು ಪ್ರತಿಯೊಬ್ಬ ಅರಬ್ಬೀ ಭಾಷಿಕನಿಗೂ ಹುಟ್ಟಿನಿಂದ ಬಂದದ್ದು. ಇಂಗ್ಲಿಷಿನ ‘ರೈಸ್, ಎ ಗ್ರೇನ್ ಆಫ್ ರೈಸ್, ಫೈವ್ ಗ್ರೇನ್ಸ್ ಆಫ್ ರೈಸ್’ ಎಂಬುದು ಇದೇ ಮೂರು ಮೆಟ್ಟಿಲಲ್ಲವೇ? ಅರಬ್ಬೀ ಒಂದು ಪ್ರತ್ಯಯದಿಂದ ಮಾಡುವ ಕೆಲಸವನ್ನು ಇಂಗ್ಲಿಷ್ ‘ಎ ಪೀಸ್ ಆಫ್’, ‘ಎ ಗ್ರೇನ್ ಆಫ್’ ಎಂಬ ಪದಗಳಿಂದ ಮಾಡುತ್ತದೆ. ‘ಅಡ್ವೈಸ್’ ಎಂಬುದನ್ನು ‘ತಮ್ರ್’ ಎಂದು ತಿಳಿ, ‘ಎ ಪೀಸ್ ಆಫ್ ಅಡ್ವೈಸ್’ ಎಂಬುದನ್ನು ‘ತಮ್ರಾ’ ಎಂದು ತಿಳಿ ಎಂದು ಹೇಳಿದರೆ ಅವರಿಗೆ ಹೊಸ ತತ್ತ್ವವೇನನ್ನೂ ಕಲಿಸಬೇಕಾಗಿಲ್ಲ.

ಇದೇ ವರ್ಗ ‘ಐ ಲೈಕ್ ದ ಆ್ಯಪಲ್’ ಎಂಬ ತಪ್ಪಿಗೂ ಕಾರಣ. ಜಾತಿಯನ್ನು ಒಟ್ಟಾಗಿ ಹೇಳುವಾಗ ಅರಬ್ಬೀ ಸಮೂಹವಾಚಕಕ್ಕೆ ‘ಅಲ್’ ಎಂಬ ನಿರ್ದೇಶಕವನ್ನು ಸೇರಿಸುತ್ತದೆ. ಇಂಗ್ಲಿಷ್ ಅಲ್ಲಿ ‘ದ’ ಬಿಟ್ಟು ‘ಆ್ಯಪಲ್ಸ್’ ಎಂಬ ಬರಿಯ ಬಹುವಚನವನ್ನು ಕೇಳುತ್ತದೆ. ‘ದ ಲೈಫ್ ಈಸ್ ಹಾರ್ಡ್’, ‘ದ ಕಾಫಿ ಈಸ್ ಬ್ಯಾಡ್ ಫಾರ್ ಹೆಲ್ತ್’ ಎಂಬ ವಾಕ್ಯಗಳನ್ನೂ ನೀವು ಖಂಡಿತ ನೋಡಿರುತ್ತೀರಿ.

ದೇರಳಕಟ್ಟೆಯ ಶಿಕ್ಷಕಿ

ಇಬ್ಬರಿಗೂ ಕೃತಜ್ಞತೆಗಳು. ಹನ್ನೊಂದರ ನಿಯಮವನ್ನು ಓದಿದ ಮೇಲೆ ಹಳೆಯ ಬರಹಗಳನ್ನು ತೆಗೆದು ನೋಡಿದೆ: ಸಂಖ್ಯೆಯ ನಂತರ ಬಹುವಚನ ಬಿಟ್ಟುಹೋದ ಕಡೆಗಳಲ್ಲಿ ಬಹುಪಾಲು ಹತ್ತಕ್ಕಿಂತ ದೊಡ್ಡ ಸಂಖ್ಯೆಗಳೇ ಇವೆ. ಆದರೂ ‘ತ್ರೀ ಮಂತ್’, ‘ಫೋರ್ ಟೆಸ್ಟ್’ ಎಂದು ಹತ್ತರೊಳಗಿನ ಸಂಖ್ಯೆಗಳಲ್ಲಿಯೂ ಸಕಾರ ಬಿಟ್ಟವರಿದ್ದಾರೆ. ಗಟ್ಟಿಯಾಗಿ ಓದಿಸಿದಾಗ ಇದು ಇನ್ನೂ ಹೆಚ್ಚು. ಇದಕ್ಕೆ ಬೇರೆ ಕಾರಣವಿರಬಹುದೇ?

ಮಣಿಪಾಲದ ವಾಕ್ ಚಿಕಿತ್ಸಕಿ

ಇದು ನನ್ನ ಕ್ಷೇತ್ರಕ್ಕೆ ಹತ್ತಿರದ ಪ್ರಶ್ನೆಯಾದುದರಿಂದ ಮಧ್ಯೆ ಬರುತ್ತಿದ್ದೇನೆ. ನೀವು ಕೊಟ್ಟ ಎರಡು ಉದಾಹರಣೆಗಳನ್ನು ಗಮನಿಸಿ. ‘ಮಂತ್ಸ್’ ಎಂಬ ಪದದ ಕೊನೆಯಲ್ಲಿ ಮೂರು ವ್ಯಂಜನಗಳು, ‘ಟೆಸ್ಟ್ಸ್’ ಎಂಬುದರಲ್ಲಿಯೂ ಮೂರು ವ್ಯಂಜನಗಳು ನಡುವೆ ಸ್ವರವಿಲ್ಲದೆ ಸಾಲಾಗಿ ಬರುತ್ತವೆ. ಅರಬ್ಬೀಯ ಉಚ್ಚಾರಣೆಯಲ್ಲಿ ಮೂರು ವ್ಯಂಜನಗಳನ್ನು ಹೀಗೆ ಒತ್ತಾಗಿ ಸೇರಿಸುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ನಡುವೆ ಒಂದು ಇಕಾರವನ್ನು ತುರುಕುತ್ತಾರೆ ಅಥವಾ ಒಂದು ವ್ಯಂಜನವನ್ನು ಬಿಡುತ್ತಾರೆ. ಇಕಾರ ಎಲ್ಲಿ ಬರುತ್ತದೆ ಎಂಬುದು ಪ್ರಾದೇಶಿಕ ಅರಬ್ಬೀಯನ್ನು ಅವಲಂಬಿಸಿದೆ: ‘ಚಿಲ್ಡ್ರನ್’ ಎಂಬ ಪದವನ್ನು ಈಜಿಪ್ಟಿನವರು ‘ಚಿಲ್ಡಿರನ್’ ಎಂದೂ ಇರಾಕಿನವರು ‘ಚಿಲಿಡ್ರನ್’ ಎಂದೂ ಉಚ್ಚರಿಸುವ ಪ್ರವೃತ್ತಿ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾದ ಉದಾಹರಣೆ. ನಾವು ‘ಬಸ್’ ಎಂಬುದಕ್ಕೆ ಕೊನೆಯಲ್ಲಿ ಉಕಾರ ಸೇರಿಸಿ ‘ಬಸ್ಸು’ ಎಂದು ಮಾಡಿಕೊಂಡದ್ದೂ ಇದೇ ಬಗೆಯ ಕೆಲಸ.

ಆದುದರಿಂದ ತಪ್ಪು ವ್ಯಾಕರಣದ್ದೋ ನಾಲಗೆಯದ್ದೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಮಾಡಬಹುದು. ‘ತ್ರೀ ಡೇಸ್’, ‘ಫೋರ್ ಕೀಸ್’ ಎಂಬಂತೆ ಸ್ವರದ ನಂತರ ಪ್ರತ್ಯಯ ಬರುವ ಪದಗಳನ್ನೂ, ‘ತ್ರೀ ಮಂತ್ಸ್’, ‘ಫೋರ್ ಟೆಸ್ಟ್ಸ್’ ಎಂಬಂತೆ ವ್ಯಂಜನಗಳ ಗುಂಪಿನ ನಂತರ ಬರುವ ಪದಗಳನ್ನೂ ಬೆರೆಸಿ ಓದಿಸಿ. ಮೊದಲನೆಯ ಬಗೆಯಲ್ಲಿ ಪ್ರತ್ಯಯ ಉಳಿದು ಎರಡನೆಯದರಲ್ಲಿ ಮಾತ್ರ ಹೋಗುತ್ತಿದ್ದರೆ ಆ ವಿದ್ಯಾರ್ಥಿಗೆ ಬಹುವಚನದ ನಿಯಮ ಗೊತ್ತಿದೆ ಎಂದೇ ಅರ್ಥ. ಅವನಿಗೆ ಬೇಕಾದದ್ದು ಉಚ್ಚಾರಣೆಯ ಅಭ್ಯಾಸ. ಕಿವಿಗೆ ಕೇಳಿಸದ, ಬಾಯಿಗೆ ಬಾರದ ಧ್ವನಿ ಬರವಣಿಗೆಯಲ್ಲಿಯೂ ಜಾರಿಹೋಗುವುದುಂಟು.

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಕೊಡಿಯಾಲಬೈಲು

ಅಧ್ಯಾಪಕರ ವಿವರಣೆ ನನಗೂ ಹೊಸತು, ಸಂತೋಷವಾಯಿತು. ಆದರೂ ಎರಡು ಆಕ್ಷೇಪಗಳಿವೆ. ನೀವು ಹೇಳಿದ ಸಂಖ್ಯಾನಿಯಮಗಳೂ ‘ಮರೀದನ್’ ಎಂಬಂಥ ರೂಪಗಳೂ ಗ್ರಾಂಥಿಕ ಅರಬ್ಬೀಯವು. ಈ ಮಕ್ಕಳು ಮನೆಯಲ್ಲಿ ಮಾತನಾಡುವುದು ಆಡುಮಾತಿನ ಅರಬ್ಬೀ. ಶಾಲೆಯಲ್ಲಿ ವ್ಯಾಕರಣದಲ್ಲಿ ಹಿಂದೆ ಬಿದ್ದವನೂ ಇದೇ ತಪ್ಪು ಮಾಡುತ್ತಾನೆಂದರೆ ಗ್ರಾಂಥಿಕ ನಿಯಮವನ್ನು ಕಾರಣವೆನ್ನಬಹುದೇ?

ಎರಡನೆಯದಾಗಿ, ಎಲ್ಲ ತಪ್ಪುಗಳನ್ನೂ ಮಾತೃಭಾಷೆಯ ತಲೆಗೆ ಕಟ್ಟುವುದರಲ್ಲಿ ಅಪಾಯವಿದೆ. ಶಿಕ್ಷಕಿಯವರ ತರಗತಿಯಲ್ಲಿ ಎರಡು ಭಾಷೆಯವರು ಒಟ್ಟಿಗೆ ಕುಳಿತಿರುವುದೇ ಒಳ್ಳೆಯ ಒರೆಗಲ್ಲು ಎಂದು ನನ್ನ ಅಭಿಪ್ರಾಯ. ಅರಬ್ಬೀಯವರೂ ಕನ್ನಡದವರೂ ಸಮಾನವಾಗಿ ಮಾಡುವ ತಪ್ಪುಗಳಿದ್ದರೆ, ಉದಾಹರಣೆಗೆ ‘ಇನ್ಫರ್ಮೇಶನ್ಸ್’, ‘ಆ್ಯನ್ ಅಡ್ವೈಸ್’, ‘ಎ ಸಿಸರ್’, ‘ಎ ಟ್ರೌಸರ್’, ಅವುಗಳ ಮೂಲ ಇಂಗ್ಲಿಷಿನ ವಿಲಕ್ಷಣತೆಯಲ್ಲಿದೆ. ಅವುಗಳನ್ನು ಇಡೀ ತರಗತಿಗೆ ಒಟ್ಟಾಗಿ ಕಲಿಸಬಹುದು. ಕತ್ತರಿ, ಕನ್ನಡಕ, ಪ್ಯಾಂಟು ಇವು ನಮಗೂ ಏಕವಚನಗಳೇ. ಅರಬ್ಬೀಯವರು ಮಾತ್ರ ಮಾಡುವ ‘ಫಿಫ್ಟೀನ್ ಪೇಷಂಟ್’, ‘ದಿಸ್ ಬುಕ್ಸ್’ ಮುಂತಾದವಕ್ಕೆ ಅರಬ್ಬೀಯಲ್ಲಿ ಕಾರಣ ಹುಡುಕುವುದು ಸರಿ. ಕನ್ನಡದವರಲ್ಲಿ ಕೆಲವರು ‘ಟೆನ್ ಬುಕ್’ ಎಂದು ಬರೆಯುತ್ತಾರೆ, ಏಕೆಂದರೆ ನಾವು ‘ಹತ್ತು ಪುಸ್ತಕ ತಂದೆ’ ಎನ್ನುತ್ತೇವೆ; ಆದರೆ ನಮಗೆ ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಗೆರೆಯಿಲ್ಲ, ಮೂರು ಪುಸ್ತಕವೂ ಸರಿ, ಮೂವತ್ತು ಪುಸ್ತಕವೂ ಸರಿ. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ತಪ್ಪಿನ ಹಿಂದೆ ಎರಡು ಬೇರೆ ಕಾರಣಗಳಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಬಂದರಿನ ಅರಬ್ಬೀ ಅಧ್ಯಾಪಕ

ಉಪನ್ಯಾಸಕರೇ, ನಿಮ್ಮ ಎರಡನೆಯ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಮೊದಲನೆಯದಕ್ಕೆ ಉತ್ತರ ಹೀಗಿದೆ: ಆಡುಮಾತಿನಲ್ಲಿ ವಿಭಕ್ತಿಯ ಅಂತ್ಯಗಳು ಬಿದ್ದುಹೋಗಿವೆ, ಆದರೆ ಹತ್ತರವರೆಗೆ ಬಹುವಚನ, ಹನ್ನೊಂದರಿಂದ ಏಕವಚನ ಎಂಬ ನಿಯಮ ಹಾಗೆಯೇ ಉಳಿದಿದೆ. ಇಪ್ಪತ್ತು ಪುಸ್ತಕಕ್ಕೆ ಬೀದಿಯ ಮಾತಿನಲ್ಲಿಯೂ ‘ಇಶ್ರೀನ್ ಕಿತಾಬ್’ ಎಂದೇ ಹೇಳುತ್ತಾರೆ. ಎರಡಕ್ಕೆ ‘ಕಿತಾಬೇನ್’ ಎಂಬ ದ್ವಿವಚನವೂ ನಾಮಪದಗಳಲ್ಲಿ ಜೀವಂತವಾಗಿದೆ. ಹಾಗಾಗಿ ವ್ಯಾಕರಣವನ್ನೇ ಓದದವನ ನಾಲಗೆಯಲ್ಲಿಯೂ ಈ ನಿಯಮ ಕುಳಿತಿರುತ್ತದೆ.

ಶಿಕ್ಷಕಿಯವರಿಗೆ ಪಾಠದ ಕ್ರಮದ ಬಗ್ಗೆ ಒಂದಿಷ್ಟು ಹೇಳುತ್ತೇನೆ. ಸಂಖ್ಯೆಯ ತಪ್ಪನ್ನು ಮೊದಲು ಎತ್ತಿಕೊಳ್ಳಿ, ಏಕೆಂದರೆ ಅದು ಎಲ್ಲಕ್ಕಿಂತ ಬೇಗ ಸರಿಯಾಗುತ್ತದೆ. ಅರಬ್ಬೀಯಲ್ಲಿ ಹನ್ನೊಂದರ ಬಳಿ ಒಂದು ತಿರುವಿದೆ, ಇಂಗ್ಲಿಷಿನಲ್ಲಿ ಒಂದನ್ನು ದಾಟಿದ ಮೇಲೆ ತಿರುವೇ ಇಲ್ಲ ಎಂಬ ಒಂದೇ ವಾಕ್ಯ ಸಾಕು. ಅವರ ನಿಯಮವನ್ನು ನೀವು ಬಲ್ಲಿರಿ ಎಂದು ತಿಳಿದೊಡನೆ ಅವರ ಮುಖಭಾವವೇ ಬದಲಾಗುತ್ತದೆ. ‘ದಿಸ್ ಬುಕ್ಸ್’ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಅದಕ್ಕೆ ‘ದಿಸ್, ದೀಸ್’, ‘ಇಟ್, ದೆಮ್’ ಇವುಗಳನ್ನು ವಸ್ತುವಾಚಕಗಳ ಜೊತೆಯಲ್ಲೇ ಹೆಚ್ಚು ಅಭ್ಯಾಸ ಮಾಡಿಸಬೇಕು. ಮನುಷ್ಯವಾಚಕಗಳಲ್ಲಿ ಮಾಡಿಸಿದ ಅಭ್ಯಾಸದಿಂದ ಪ್ರಯೋಜನ ಕಡಿಮೆ.

‘ಮ್ಯಾನ್, ಮೆನ್’, ‘ಫುಟ್, ಫೀಟ್’ ಎಂಬಂತೆ ಪದದ ಒಡಲಿನ ಸ್ವರವೇ ಬದಲಾಗುವ ಬಹುವಚನಗಳ ಬಗ್ಗೆ ಹೆಚ್ಚು ಚಿಂತೆ ಬೇಡ. ‘ಬೈತ್, ಬುಯೂತ್’, ‘ಕಲಂ, ಅಕ್ಲಾಂ’ ಎಂದು ಹೇಳುತ್ತ ಬೆಳೆದವರಿಗೆ ಅವು ತಮ್ಮ ಊರಿನವರೇ ಎನ್ನಿಸುತ್ತವೆ. ಅರಬ್ಬೀಯಲ್ಲಿ ಇಂಥ ಮುರಿದ ಬಹುವಚನಗಳು ಅಸಂಖ್ಯ, ಇಂಗ್ಲಿಷಿನಲ್ಲಿರುವುದು ಬೆರಳೆಣಿಕೆಯಷ್ಟು. ವೈದ್ಯಕೀಯ 'ಬ್ಯಾಕ್ಟೀರಿಯಂ, ಬ್ಯಾಕ್ಟೀರಿಯಾ', ‘ಡಯಾಗ್ನೋಸಿಸ್, ಡಯಾಗ್ನೋಸೀಸ್’, ‘ವರ್ಟಿಬ್ರಾ, ವರ್ಟಿಬ್ರೀ’ ಜೋಡಿಗಳನ್ನೂ ಅವರು ನಮ್ಮ ಮಕ್ಕಳಿಗಿಂತ ಬೇಗ ಹಿಡಿಯುವುದನ್ನು ನೋಡಿದ್ದೇನೆ, ಏಕೆಂದರೆ ಪ್ರತಿಯೊಂದು ನಾಮಪದದ ಜೊತೆಗೆ ಅದರ ಬಹುವಚನವನ್ನೂ ಕಲಿಯುವ ಅಭ್ಯಾಸ ಅವರಿಗೆ ಮೊದಲಿನಿಂದಲೇ ಇರುತ್ತದೆ.

ಎಣಿಸಲಾಗದ ಪದಗಳಿಗೆ ಬಂದಾಗ, ಅವರ ಪಠ್ಯದ ಪದಗಳನ್ನೇ ಹಿಡಿದು ‘ತಮ್ರ್, ತಮ್ರಾ, ತಮರಾತ್’ ಎಂಬ ಮೂರು ಅಂಕಣಗಳ ಕೋಷ್ಟಕವನ್ನು ಬರೆಸಿ. ‘ಬ್ಲಡ್, ಎ ಸ್ಯಾಂಪಲ್ ಆಫ್ ಬ್ಲಡ್, ತ್ರೀ ಸ್ಯಾಂಪಲ್ಸ್ ಆಫ್ ಬ್ಲಡ್’. ‘ಟ್ರೀಟ್‌ಮೆಂಟ್, ಎ ಕೋರ್ಸ್ ಆಫ್ ಟ್ರೀಟ್‌ಮೆಂಟ್, ಟೂ ಕೋರ್ಸಸ್ ಆಫ್ ಟ್ರೀಟ್‌ಮೆಂಟ್’. ‘ಎಕ್ವಿಪ್‌ಮೆಂಟ್, ಎ ಪೀಸ್ ಆಫ್ ಎಕ್ವಿಪ್‌ಮೆಂಟ್’. ಮೂರನೆಯ ಅಂಕಣದಲ್ಲಿ ಸಕಾರ ಬೀಳಬೇಕಾದದ್ದು ‘ಸ್ಯಾಂಪಲ್’ ಮೇಲೆ, ‘ಬ್ಲಡ್’ ಮೇಲಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಿ. ಸೇಬು, ಮೊಟ್ಟೆ, ಮರಗಳ ಪದಗಳನ್ನು ಈ ಕೋಷ್ಟಕದಲ್ಲಿ ಸೇರಿಸಬೇಡಿ. ಅರಬ್ಬೀಯಲ್ಲಿ ಅವು ಸಮೂಹವಾಚಕಗಳಾದರೂ ಇಂಗ್ಲಿಷಿನಲ್ಲಿ ಎಣಿಸುವ ಪದಗಳು. ಸೇರಿಸಿದರೆ ‘ಎ ಪೀಸ್ ಆಫ್ ಆ್ಯಪಲ್’ ಎಂಬ ಹೊಸ ತಪ್ಪು ಹುಟ್ಟುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ಅದರ ಅರ್ಥ ಕತ್ತರಿಸಿದ ಹೋಳು.

ದೇರಳಕಟ್ಟೆಯ ಶಿಕ್ಷಕಿ

ಕೋಷ್ಟಕವನ್ನು ಮುಂದಿನ ತರಗತಿಯಲ್ಲಿ ಬರೆಸುತ್ತೇನೆ. ಕೊನೆಯದಾಗಿ ಒಂದು ಸಂದೇಹ: ‘ಡಯಾಬಿಟಿಸ್ ಆರ್’, ‘ಮೀಸಲ್ಸ್ ಆರ್’ ಎಂದು ಬರೆಯುವವರಿಗೆ ಏನು ಹೇಳಲಿ?

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಕೊಡಿಯಾಲಬೈಲು

ಇದನ್ನು ಎರಡು ಗುಂಪಿನವರಿಗೂ ಒಟ್ಟಿಗೆ ಹೇಳಬಹುದು. ‘ಡಯಾಬಿಟಿಸ್’ ಪದದ ಕೊನೆಯ ಸಕಾರ ಗ್ರೀಕಿನಿಂದ ಬಂದ ಪದದ ಭಾಗವೇ ಹೊರತು ಪ್ರತ್ಯಯವಲ್ಲ. ‘ಮೀಸಲ್ಸ್’, ‘ಮಂಪ್ಸ್’ ಇವು ಬಹುವಚನ ರೂಪಗಳಾಗಿ ಹುಟ್ಟಿ ಕ್ರಮೇಣ ಒಂದೊಂದು ರೋಗದ ಹೆಸರಾದವು, ಆದುದರಿಂದ ಈಗ ಸಾಮಾನ್ಯವಾಗಿ ‘ಈಸ್’ ಬಳಸುತ್ತಾರೆ. ‘ನ್ಯೂಸ್’, ‘ಫಿಸಿಕ್ಸ್’, ‘ಮ್ಯಾಥಮ್ಯಾಟಿಕ್ಸ್’ ಇವುಗಳನ್ನೂ ಇದೇ ಸಾಲಿಗೆ ಸೇರಿಸಿ. ಅನುಮಾನ ಬಂದಾಗ ನೋಡಲು, ಕಲಿಯುವವರಿಗಾಗಿಯೇ ಸಿದ್ಧಪಡಿಸಿದ, ಪ್ರತಿ ನಾಮಪದದ ಪಕ್ಕದಲ್ಲಿ ‘ಸಿ’ (ಕೌಂಟಬಲ್, ಎಣಿಸಬಹುದಾದದ್ದು) ಅಥವಾ ‘ಯು’ (ಅನ್‌ಕೌಂಟಬಲ್, ಎಣಿಸಲಾಗದ್ದು) ಎಂದು ಗುರುತು ಹಾಕಿರುವ ಇಂಗ್ಲಿಷ್ ನಿಘಂಟೊಂದನ್ನು ಎಲ್ಲರ ಕೈಗೂ ಕೊಡಿಸಿ. ಫೋನಿನಲ್ಲಿ ಅರಬ್ಬೀ ಪದವನ್ನು ಒತ್ತಿ ಅನುವಾದ ನೋಡುವವರಿಗೆ ಆ ಗುರುತು ಕಾಣಸಿಗುವುದು ಅಪರೂಪ.